ನೂರ ಹನ್ನೆರಡನೇ ಪುಟ

ನಾಳೆ ಶುಕ್ರವಾರ, ರಜೆ. ಫಹಾಹೀಲಿನ ನಾಲ್ಕನೇ ಮಹಡಿಯಲ್ಲಿ
ಮಂಚದ ಮೇಲೆ ಐದು ಪುಸ್ತಕ ಹರಡಿ ಕೂತಿದ್ದೇನೆ,
ಬಂಗುಡೆಯ ಕಿವಿರು ಎತ್ತಿ ನೋಡುವವಳ ಹಾಗೆ
ಒಂದೊಂದರ ಮೊದಲ ಪುಟ ಎತ್ತಿ ನೋಡುತ್ತಾ.

ರಟ್ಟಿನ ಪೆಟ್ಟಿಗೆ ದಿಲ್‌ರುಕ್ಷಿಯದು.
ಡಯಾಲಿಸಿಸ್ ವಾರ್ಡಿನ ನರ್ಸು, ಗಾಲೆಯವಳು.
ಕಾಂಟ್ರಾಕ್ಟು ಮುರಿದಾಗ ಮೂವತ್ತು ಕಿಲೋದೊಳಗೆ
ಮಿಕ್ಸಿ ಹಿಡಿಯಿತು, ಕಂಬಳಿ ಹಿಡಿಯಿತು, ಮಗನ ಬೂಟು ಹಿಡಿಯಿತು,
ಲೋಕಗಳು ಹಿಡಿಯಲಿಲ್ಲ.
"ನೀನು ಓದುತ್ತೀಯಲ್ಲ, ಇಟ್ಟುಕೋ" ಎಂದಳು
ಮುಚ್ಚುವ ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು.

ಮೊದಲನೆಯದರ ಮುಖಪುಟದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್.
ಕಿಟಕಿಯಾಚೆ ರಿಫೈನರಿಯ ಕೊಳವೆ
ಇಡೀ ರಾತ್ರಿ ಅದೇ ಕೆಲಸ ಮಾಡುತ್ತದೆ,
ಓವರ್‌ಟೈಮೂ ಕೇಳದೆ.
ಬೇಡ.

ಎರಡನೆಯದರಲ್ಲಿ ಎರಡು ಸೂರ್ಯರ ಗ್ರಹ.
ಇವತ್ತು ಬಸ್‌ಸ್ಟಾಪಿನಲ್ಲಿ ನಲವತ್ತೊಂಬತ್ತು ಡಿಗ್ರಿ.
"ಒಬ್ಬನನ್ನೇ ತಾಳಲಾರದವಳಿಗೆ ಇನ್ನೊಬ್ಬನೇ?"
ಅಂದದ್ದು ನಾನು ಸೂರ್ಯನಿಗೆ.
ಮೇರಿವಿಕ್ ಬೇರೇನೋ ತಿಳಿದು
ಹೊಟ್ಟೆ ಹಿಡಿದು ನಕ್ಕಳು.

ಮೂರನೆಯದು ಕಾಲಯಂತ್ರ.
ಊರಿಗೆ ಫೋನು ಹಚ್ಚಿದರೆ ಸಾಕು, ಅಕ್ಕ ಆಗಲೇ
ಎರಡೂವರೆ ಗಂಟೆ ಮುಂದಿದ್ದಾಳೆ;
ನನಗಿನ್ನೂ ಬಾರದ ನಿದ್ದೆಯಿಂದ ಎದ್ದು ಮಾತಾಡುತ್ತಾಳೆ.
"ಈ ವಯಸ್ಸಿಗೆ ಮಾಟಗಾತಿಯರ ಕಥೆಯೇನೇ,
ಸಂತರ ಚರಿತ್ರೆ ಓದು."
ಕುದುರೆಯೇರಿ ಡ್ರ್ಯಾಗನ್ ಇರಿದ ಸಂತನ ಪಟ
ಅವಳ ಅಡುಗೆಮನೆಯಲ್ಲೇ ತೂಗುತ್ತದೆ.
ನೆನಪಿಸಲಿಲ್ಲ.

ನಾಲ್ಕನೆಯದಕ್ಕೆ ತನ್ನದೇ ಭೂಪಟ, ತನ್ನದೇ ಲಿಪಿ,
ಹನ್ನೊಂದು ರಾಜಮನೆತನ, ಹಿಂದೆ ಮಡಚಿದ ವಂಶವೃಕ್ಷ.
ಚೆನ್ನಾಗೇ ಇದ್ದೀತು. ಆದರೆ ಹಗಲಿಡೀ ನಾನು
ರಕ್ತದ ಸೀಸೆಗಳ ಮೇಲೆ ಮಗ, ಅಪ್ಪ, ಅಜ್ಜ, ಮನೆತನ,
ನಾಲ್ಕು ತಲೆಯ ಹೆಸರು ಹೊಂದಿಸುವವಳು.
ಒಂದು ತಲೆ ತಪ್ಪಿದರೆ
ಒಬ್ಬನ ಸಕ್ಕರೆ ಇನ್ನೊಬ್ಬನ ಪಾಲಿಗೆ.
ರಜೆಯಲ್ಲೂ ಅದೇ ಯಾಕೆ?

ಐದನೆಯದರ ಬೆನ್ನು ಕಿತ್ತಿದೆ, ಹೆಸರು ಅರ್ಧವೇ ಉಳಿದಿದೆ.
ಕಡಲಿನಡಿ ಊರು ಕಟ್ಟಿಕೊಂಡವರ ಕಥೆಯಂತೆ,
ಮೂರು ಸಂಪುಟಗಳಲ್ಲಿ ನಡುವಿನದು.
ಮೊದಲಿಲ್ಲ, ಕೊನೆಯಿಲ್ಲ, ಯಾರಿಗೆ ಬೇಕು
ಎಂದು ಪಕ್ಕಕ್ಕಿಡುವಾಗ
ಪುಟ ತಾನೇ ತೆರೆದುಕೊಂಡಿತು
ಪೆನ್ಸಿಲ್ ಗೆರೆಯಿದ್ದಲ್ಲಿ.

ಡ್ಯೂಟಿಯ ನಡುವೆ ಎಳೆದ ಗೆರೆ, ಓರೆಕೋರೆ.
ಅಂಚಿನಲ್ಲಿ ಸಿಂಹಳದ ದುಂಡು ಅಕ್ಷರ,
ನಮ್ಮಕ್ಷರದ ದೂರದ ನೆಂಟರು:
ಮುಖ ಕಂಡ ಹಾಗಿದೆ, ಮಾತು ತಿಳಿಯದು.
ಒಂದು ಕಡೆ ಇಂಗ್ಲಿಷಿನಲ್ಲೇ ನಾಯಕನಿಗೆ "ಸುಳ್ಳುಗಾರ!" ಎಂದಿದ್ದಾಳೆ.
ಇನ್ನೊಂದು ಕಡೆ ಯಾರದೋ ಪೊಟ್ಯಾಸಿಯಂ, ಆರು ಪಾಯಿಂಟ್ ಎಂಟು,
ಅದರ ಸುತ್ತ ಎರಡು ಸುತ್ತು ಒತ್ತಿ ಬರೆದಿದ್ದಾಳೆ.
ನೂರ ಹನ್ನೆರಡರಲ್ಲಿ ಬಾಗಿಲು ಬಿರಿಯುತ್ತದೆ, ನೀರು ನುಗ್ಗುತ್ತದೆ,
ಗೆರೆ ಅರ್ಧ ವಾಕ್ಯಕ್ಕೆ ನಿಲ್ಲುತ್ತದೆ.
ನೂರ ಹದಿಮೂರು ಬಿಳೀ ಬಿಳಿ.

ಅವತ್ತೇ ಇರಬೇಕು ಆಫೀಸಿನಿಂದ ಕರೆ ಬಂದದ್ದು.

ಉಳಿದ ನಾಲ್ಕನ್ನು ಪೆಟ್ಟಿಗೆಗೆ ಹಾಕಿ
ಮಂಚದಡಿ ಕಾಲಲ್ಲಿ ನೂಕಿದೆ.
ಕೋಟಿನ ಜೇಬಿನಲ್ಲಿ ಪೆನ್ಸಿಲಿಲ್ಲ,
ಸೀಸೆಗೆ ಗುರುತು ಹಾಕುವ ನೀಲಿ ಮಾರ್ಕರ್ ಇದೆ;
ಎಳೆದರೆ ಆಚೆ ಪುಟಕ್ಕೂ ಇಳಿಯುತ್ತದೆ.
ಇಳಿಯಲಿ.

ಆ ಪುಟದ ಫೋಟೋ ತೆಗೆದು ಕಳಿಸಿದೆ, ಮಾತಿಲ್ಲದೆ.
ಗಾಲೆಯಲ್ಲಿ ಈಗ ಒಂದೂವರೆ; ಮಲಗಿದ್ದಾಳು.
ಮೇರಿವಿಕ್ ದೀಪ ಆರಿಸು ಎಂದು ಗೋಡೆಗೆ ತಿರುಗಿದಳು.

ಮೊಬೈಲು ದಿಂಬಿನಡಿ ಗುರ್ ಎಂದಿತು:
"ಆ ಸುಳ್ಳುಗಾರ ಸತ್ತನಾ?"

ಗೊತ್ತಿಲ್ಲ ಕಣೇ,
ನಾನಿನ್ನೂ ಒಂದನೇ ಪುಟದಲ್ಲಿದ್ದೇನೆ.