ನೀಲಿ ಬಣ್ಣ, ಕರೀ ತಂತಿ

ಕೀಲಿ ತಿರುವಿದರ ಬರೇ ನರಳತೈತಿ,
ಮೇದು ಮಲಗಿದ ಎಮ್ಮಿ ಎಬ್ಬಿಸಿದಂಗ.
ಒಂದು ಸುತ್ತು, ಅರ್ಧ ಸುತ್ತು, ಮತ್ತ
ಟಕ್.
ಅಷ್ಟ.

ಇಪ್ಪತ್ತೈದು ಕುದುರಿ ಅಂತ ಮುಚ್ಚಳದ ಮ್ಯಾಲ ಬರದಿತ್ತು,
ಈಗ ಎರಡರ ಅಂಕಿ ಒಂದ ಉಳದೈತಿ.
ಮೂರು ಕೈ ದಾಟಿ ಬಂದ ಎಂಜಿನ್ನು,
ಕಾರವಾರದ ಕಡಲಿಂದ ಕೊಲ್ಹಾರದ ಹಿನ್ನೀರಿಗೆ.
ಉಪ್ಪು ಎಲುಬಿನ್ಯಾಗ ಹಂಗ ಐತಿ.

ದಂಡಿ ಮ್ಯಾಲ ಕುಂತವರೆಲ್ಲ ಡಾಕ್ಟರು.
ಬ್ಯಾಟರಿ ಸತ್ತೈತಿ ಅಂದ ಒಬ್ಬ,
ಟ್ರ್ಯಾಕ್ಟರಿಂದ ಹೊಸಾದು ಬಿಚ್ಚಿ ತಂದು ಕಟ್ಟಿದ.
ಎಮ್ಮಿ ಏಳಲಿಲ್ಲ.
ಸ್ಟಾರ್ಟರ್ ಹೋಗೇತಿ ಬಿಡವಾ, ಅಂದ ಇನ್ನೊಬ್ಬ,
ಹದಿನಾಲ್ಕು ಸಾವಿರ, ಅದೂ ಸಿಕ್ಕರ.
ಹದಿನಾಲ್ಕು ಸಾವಿರಕ್ಕ ಎಷ್ಟು ಬುಟ್ಟಿ ಕಾಟ್ಲಾ
ಅಂತ ಲೆಕ್ಕ ಹಾಕಿ, ಮತ್ತ ಹಗ್ಗ ಹಿಡದೆ.

ಹಗ್ಗ ಎಳದರ ಹತ್ತತೈತಿ, ಇಲ್ಲಂತಲ್ಲ.
ಎಂಟನೇ ಸಲಕ್ಕ. ಹನ್ನೆರಡನೇ ಸಲಕ್ಕ.
ಬಲಗಡೆ ರಟ್ಟಿ ರಾತ್ರಿ ಮಲಗಗೊಡಂಗಿಲ್ಲ.
ನಡು ನೀರಾಗ ಗಾಳಿ ಎದ್ದಾಗ
ಹನ್ನೆರಡು ಸಲ ಅಂದ್ರ ಏನು ಅನ್ನೂದು
ದಂಡ್ಯಾಗ ಬೀಡಿ ಸೇದವರಿಗೆ ಹೆಂಗ ಹೇಳ್ಲಿ.

ಬಂದಗಿಸಾಬ ಬಂದದ್ದು ಹೊತ್ತು ಇಳಿದ ಮ್ಯಾಲ.
ಹಳದಿ ಮೀಟರು, ಎರಡು ಸೂಜಿ, ಮಾತಿಲ್ಲ.
"ಕೀಲಿ ತಿರುವು, ಶಾವಂತ್ರೆಕ್ಕ. ಹಿಡಿ. ಬಿಡು."
ತಿರುವಿದಾಗ ಬ್ಯಾಟರಿ ಮೈಮ್ಯಾಲ ಹನ್ನೊಂದೂವರಿ.
ಸ್ಟಾರ್ಟರ್ ಮೈಮ್ಯಾಲ ಒಂಬತ್ತು.
"ನಡುವ ಎರಡೂವರಿ ವೋಲ್ಟ್ ಯಾರೋ ತಿಂದಾರ," ಅಂದ,
ತಾಲೂಕು ಕಚೇರಿ ಮೆಟ್ಟಿಲ ಸವೆಸಿದವರ ನಗಿ ನಕ್ಕು.

ಕೆಂಪು ತಂತಿ ಗುಂಟ ಹೋದ,
ಬ್ಯಾಟರಿಯಿಂದ ಸೊಲೆನಾಯ್ಡು, ಅಲ್ಲಿಂದ ಸ್ಟಾರ್ಟರು.
ಮೀನಿನ ಹುರುಪಿ ಅಂಟಿದ್ದು ಬಿಟ್ಟರ ಎಲ್ಲಾ ಸಾಚಾ.
"ಹೋಗೂ ದಾರಿ ಎಲ್ಲಾರೂ ನೋಡ್ತಾರ.
ಬರೂ ದಾರಿ?"

ಕರೀ ತಂತಿ ಎಂಜಿನ್ನಿಗೆ ಕಚ್ಚಿದ ಜಾಗಾದಾಗ
ಬೋಲ್ಟು ಚೆಂದ ಹೊಳೀತಿತ್ತು.
ಹೋದ ಉಗಾದಿಗೆ ನಾನ ಬಿಚ್ಚಿ, ನಾನ ಬಳದು,
ಬಣ್ಣ ಒಣಗಿದ ಮ್ಯಾಲ ಅದರ ಮ್ಯಾಲ ಬಿಗಿದಿದ್ದೆ.
ನೀಲಿ. ದೋಣಿಗೆ ಒಪ್ಪಲಿ ಅಂತ.
ಆವತ್ತಿಂದನ ನರಳಾಟ ಸುರುವಾದದ್ದು
ಈಗ ನೆನಪಾತು.

ಅವ ಸ್ಪ್ಯಾನರ್ ಹಾಕಿದ. ನೀಲಿ ಎದ್ದು ಬಂತು,
ನೀಲಿಯ ಬುಡಕ ಹಸರು ಕಿಲುಬು, ಹಳೇ ಕಡಲು.
ಲೋಹ ಬೆಳ್ಳಗ ಆಗೂತನಕ ಪಾಲಿಶ್ ಪೇಪರ್ ತಿಕ್ಕಿ,
ಬಿಗಿದು, ಆಮ್ಯಾಲ ಬೊಟ್ಟಿನಷ್ಟು ಗ್ರೀಸು ಬಳದ.
ಬಣ್ಣ ಯಾರು ಹಚ್ಚಿದ್ರು ಅಂತ ಕೇಳಲಿಲ್ಲ.
ಹುಟ್ಟಿನ ಹಿಡಿಕಿಗೂ ಅದ ನೀಲಿ ಇತ್ತು,
ನೋಡಿರಬೇಕು.

ಕೀಲಿ.
ಈ ಸಲ ನರಳಲಿಲ್ಲ. ಬೈಕೋತ ಎದ್ದಿತು,
ಕೆಸರಿನ್ಯಾಗಿನ ಕೊಕ್ಕರಿ ಎಲ್ಲಾ ಹಾರಿದವು.
ಎಷ್ಟು ಅಂದೆ. ಐವತ್ತು ಅಂದ.
ಎರಡು ಮೀನು ಕಟ್ಟಿಕೊಟ್ಟೆ, ಸಣ್ಣದು ತಿರುಗಿ ಇಟ್ಟು ಹೋದ.

ಮುಳುಗಿದ ಊರಿನ ಮ್ಯಾಲ ಹೋಗಿ
ಬೇಕಂತನ ಎಂಜಿನ್ ಬಂದ್ ಮಾಡಿದೆ.
ಮೋಡ ಇರಲಿಲ್ಲ, ಗಾಳಿ ಇರಲಿಲ್ಲ, ಅಂಜಿಕಿಯೂ ಇರಲಿಲ್ಲ,
ಮತ್ತೊಮ್ಮೆ ಕೇಳಬೇಕು ಅನಿಸಿತ್ತು, ಅಷ್ಟ.
ಕೀಲಿ ಮುಂದ ಇತ್ತು.
ಬಲಗೈ ತಾನ ಹಿಂದಕ್ಕ, ಹಗ್ಗದ ಕಡೆ ಹೋತು.
ಅದಕ್ಕ ಇನ್ನೂ ಸುದ್ದಿ ಮುಟ್ಟಿದ್ದಿಲ್ಲ.