ಇಪ್ಪತ್ತಾರು ಯೂನಿಟ್

ಸೊನ್ನೆ ಬಿಲ್ಲು ಬರೂಕಿಂತ ಮೊದಲಿನ ಮಾತು ಇದು.
ಗುಳೇದಗುಡ್ಡದಾಗ ಮೀಟರ್ ಓದತಿದ್ದೆ ನಾನು,
ಕೊರಳಾಗ ಬಿಲ್ಲಿನ ಮಷೀನು, ತಲಿಮ್ಯಾಲ ಒದ್ದಿ ಟಾವೆಲ್ಲು.
ಮೇ ತಿಂಗಳು. ಗುಡ್ಡದ ಕೆಂಪು ಬಂಡಿ
ಹಗಲೆಲ್ಲಾ ಕುಡದ ಬಿಸಲ
ರಾತ್ರಿ ಊರಮ್ಯಾಲ ಕಾರತಿತ್ತು.

ಮನಿಮನಿಯಾಗ ಕೂಲರಿನ ಗೊರಕಿ.
ಎರಡನೂರಾ ನಾಕು. ಮೂರನೂರಾ ಹತ್ತು.
ಬಿಲ್ಲು ಹರದು ಕೊಟ್ರ
ಬಿಸಲ ನಾನೇ ಹೊತ್ತು ತಂದಂಗ ನೋಡತಿದ್ರು ಮಂದಿ.

ಬನವ್ವ ಹೊಸಮನಿ: ಇಪ್ಪತ್ತಾರು.
ಹೋದ ತಿಂಗಳು ಇಪ್ಪತ್ತೇಳು.
"ಮೀಟರ್ ಕೆಟ್ಟಿರಬೇಕು, ಇಲ್ಲಾ ಕಂಬಕ್ಕ ಕೊಕ್ಕಿ ಹಾಕ್ಯಾಳ.
ನಡು ಮಧ್ಯಾಹ್ನ ಹೋಗಿ ಹಿಡಿ" ಅಂದ್ರು ಸಾಹೇಬ್ರು.

ಹೋದೆ, ಎರಡು ಗಂಟೆಗೆ.
ತಂತಿಮ್ಯಾಲ ಗುಬ್ಬಿ ಸುದ್ದಾ ಇರಲಿಲ್ಲ.
ಬಗ್ಗಿ ಬಾಗಲಾ ದಾಟಿದ್ರ
ಕಣ್ಣಿಗೆ ಕತ್ತಲಿ, ಮೈಗೆ ನೀರಿನ ನೆಪ್ಪು.

ಗ್ವಾಡಿ ಎರಡು ಮೊಳ ದಪ್ಪ. ನಡುವ ಕುಣಿಮಗ್ಗ.
ಕುಣಿಯೊಳಗ ಕಾಲ ಇಳಿಬಿಟ್ಟು
ಖಣ ನೇಯತಿದ್ಲು ಬನವ್ವ.
ಲಾಳಿ ಆಕಡಿಂದ ಈಕಡಿಗೆ ಓಡಿದಾಗೊಮ್ಮೆ
ಒಂದು ಸಣ್ಣ ಗಾಳಿ.

"ಕಳವು ಹುಡುಕಾಕ ಬಂದಿಯೇನು? ಹುಡುಕು."

ಮಾಳಗಿ ಹತ್ತಿಸಿದ್ಲು. ಸುಣ್ಣ ಬಳದದ್ದು,
ಕಣ್ಣು ಕುಕ್ಕಿತು, ಅಂಗಾಲು ಸುಡಲಿಲ್ಲ.
ಬೆಳಕಿಂಡಿಮ್ಯಾಲ ಒಡಕ ಗಡಿಗಿ, ಬೋರಲ.
"ಹೊತ್ತು ಮುಣಗಿದಮ್ಯಾಲ ತಗೀತೀನಿ,
ಮನಿ ಬಿಸಿ ಉಸರು ಮ್ಯಾಲ ಹೋಗತೈತಿ.
ಕೋಳಿ ಕೂಗೂದ್ರಾಗ ಮುಚ್ಚತೀನಿ.
ತಂಪಿಗೆ ಕಾಲ ಅದಾವೋ ತಮ್ಮಾ,
ಬಾಗಲಾ ಹಾಕಬೇಕು."

ಪಡುವಣ ಕಿಡಕಿಗೆ ಒದ್ದಿ ಗೋಣಿತಟ್ಟು.
ಬಣ್ಣದ ನೂಲು ತೊಳದ ನೀರು ಕುಡಕುಡದು
ಅಂಗಳದ ಮಣ್ಣು ನೇರಳಿ ಹಣ್ಣಿನಂಗ.
ಫ್ಯಾನು ಒಂದಿತ್ತು, ರೆಕ್ಕಿಮ್ಯಾಲ ಧೂಳು ಕುಂತಿತ್ತು.
"ಅಳಿಯ ಬಂದಾಗ ಹಚ್ಚತೀನಿ,
ಇಲ್ಲಂದ್ರ ಅಂವಗ ಮರ್ಯಾದಿ ಸಾಲೂದಿಲ್ಲ.
ಮತ್ತ, ಎಲ್ಲಾ ತಂಪಂತ ತಿಳಿಬ್ಯಾಡ.
ಸಂಜಿ ಐದಕ್ಕ ಈ ಗ್ವಾಡಿನೂ ಸೋಲತೈತಿ.
ಆವಾಗ ಕಟ್ಟಿಮ್ಯಾಲ ಕುಂತು
ಹೋಗೂ ಬರೂ ಮಂದಿನ ಬೈತೀನಿ."

ನನ್ನ ಚೀಲದಾಗ ಬಿಲ್ಲಿನ ಕಾಗದದ ಸುರುಳಿ
ಬಿಸಲಿಗೆ ಕರ್ರಗಾಗಿತ್ತು,
ಯಾರದ್ದೆಷ್ಟು ಅಂತ ತಿಳೀದಂಗ.
ಆಕಿ ಮಷೀನ ಇಸಗೊಂಡು ಕುಣಿಯಾಗ ಇಳಿಸಿದ್ಲು,
ತೊಟ್ಟಲದಾಗ ಕೂಸು ಹಾಕಿದಂಗ.
ಬೂಟು ಕಳದು ನಾನೂ ಕಾಲ ಇಳಿಬಿಟ್ಟೆ.
ಎಷ್ಟೊತ್ತು ಕುಂತೆನೋ.
ಅವತ್ತಿನ ಉಳದ ನಲವತ್ತು ಮನಿ ಮರುದಿನಕ್ಕ ಹೋದುವು.

ಆಫೀಸಿನ ಫಾರ್ಮಿನಾಗ ಖಾನೆ ಇದ್ದುವು:
ಬಾಗಿಲು ಹಾಕಿದೆ. ಮೀಟರ್ ಸುಟ್ಟಿದೆ. ನಾಯಿ ಇದೆ.
ಇತರೆ ಕಾರಣ ಅಂತ ಒಂದು ಗೀಟು.
ಪೆನ್ನು ಹಿಡಕೊಂಡು ಬಾಳ ಹೊತ್ತು ನೋಡಿ
ಗಡಿಗಿ, ಅಂತ ಬರದೆ.

ಸಂಜಿಮುಂದ ಪ್ಯಾಟಿಯಾಗ ನಿಂತು
ಐದು ಕಿಲೋ ಕಲ್ಲಸುಣ್ಣ ಕಟ್ಟಿಸಿದೆ.
ನಮ್ಮದು ಹೊಸಾ ಸ್ಲ್ಯಾಬಿನ ಮನಿ,
ರಾತ್ರಿ ಹನ್ನೊಂದಕ್ಕೂ ಹಂಚಿನಂಗ.
ಏಣಿ ಹಚ್ಚೂದು ನೋಡಿ
ಸೊಂಟದಮ್ಯಾಲ ಕೈ ಇಟ್ಟು ಕೇಳಿದ್ಲು ಹೆಂಡತಿ:
"ಯಾವ ಹಬ್ಬ ಬಂತು ಈಗ?"