ಬೆಲೆಯಿಲ್ಲದ ಪಟ್ಟಿ

ಲಿಯೋನಿನಲ್ಲಿ, ಸೋನ್ ನದಿಯ ದಡದ ಈ ಹೋಟೆಲಿಗೆ
ಅಮ್ಮ ಇಪ್ಪತ್ತಾರು ವರ್ಷ ಬಂದಿದ್ದಾಳೆ,
ಹಿಂಬಾಗಿಲವರೆಗೆ.
ಇವತ್ತು ಮುಂಬಾಗಿಲು. ಎಪ್ಪತ್ತು ತುಂಬಿತು.
ಕೋಟು ತೆಗೆದುಕೊಳ್ಳಲು ಬಂದ ಹುಡುಗನಿಗೆ
ಮೂರು ಸಲ ಕೇಳಿದ ಮೇಲೆ ಕೊಟ್ಟಳು,
ಮನಸ್ಸಿಲ್ಲದೆ.

ಅಣ್ಣ ಫಾಬ್ರಿಸ್ ಮೂರು ತಿಂಗಳ ಹಿಂದೆಯೇ ಮೇಜು ಹಿಡಿದಿದ್ದ.
ಅಕ್ಕ ಕ್ಲೋತಿಲ್ದ್ ಬರುವುದಿಲ್ಲ ಅಂದವಳು ಬಂದಳು,
ಅಪ್ಪನ ಕೈಗಡಿಯಾರದ ಮಾತು ಯಾರೂ ಎತ್ತಬಾರದೆಂದು
ಷರತ್ತು ಹಾಕಿ.
ಗಡಿಯಾರ ಅಣ್ಣನ ಕೈಯಲ್ಲೇ ಇತ್ತು.
ಅಂಗಿಯ ತೋಳು ಎಳೆದೆಳೆದು ಮುಚ್ಚುತ್ತಿದ್ದ.

ಮೆನು ಬಂತು, ತೊಗಲಿನ ರಟ್ಟು, ಮದುವೆ ಆಲ್ಬಮ್ಮಿನ ತೂಕ.
ಅಮ್ಮ ಕನ್ನಡಕ ಏರಿಸಿ ಮೊದಲು ಬಲಗಡೆಯ ಅಂಚು ನೋಡಿದಳು.
ಏನೂ ಇಲ್ಲ. ಹಾಳೆ ತಿರುವಿದಳು. ಅಲ್ಲೂ ಇಲ್ಲ.
"ಅಚ್ಚು ಹಾಕಿದವನು ಮರೆತಿದ್ದಾನೆ."
ಮರೆತಿಲ್ಲಮ್ಮ, ಇಲ್ಲಿ ಹಾಗೇ,
ದುಡ್ಡು ಕೊಡುವವನ ಪಟ್ಟಿಯಲ್ಲಿ ಮಾತ್ರ ಬೆಲೆ.
"ಬೆಲೆ ನೋಡದೆ ಹಸಿವು ಎಷ್ಟೆಂದು ಹೇಗೆ ತಿಳಿಯೋದು?"
ನಾವು ನಕ್ಕೆವು. ಅವಳು ನಗಲಿಲ್ಲ.

ನ್ಯಾಪ್ಕಿನ್ನಿಗೆ ಮೂವತ್ತು ಸೆಂಟಿಮ್, ಮೇಜುಬಟ್ಟೆಗೆ ಒಂದು ಫ್ರಾಂಕು,
ಇಸ್ತ್ರಿ ಸುಟ್ಟರೆ ಅವಳ ಲೆಕ್ಕಕ್ಕೆ.
ನಮ್ಮ ಮನೆಯ ತುಂಬ ಗಂಜಿಯ ವಾಸನೆ,
ಕುಡಿಯುವ ಗಂಜಿಯಲ್ಲ, ಬಟ್ಟೆಗೆ ಹಾಕುವುದು.
ಸೋಮವಾರ ಮೂಟೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದಳು:
ಇದು ಬೀಟ್‌ರೂಟು, ಇದು ಬಾತುಕೋಳಿಯ ಜಿಡ್ಡು,
ಇದು ಲಿಪ್‌ಸ್ಟಿಕ್ಕು, ಇದು ಯಾರೋ ಅತ್ತಿದ್ದು.
ಇಲ್ಲಿಯ ಅಡುಗೆಯನ್ನೆಲ್ಲ ಬಲ್ಲಳು ಅಮ್ಮ,
ಕಲೆಯಿಂದ.

ತಟ್ಟೆ ಗಾಡಿಯ ಚಕ್ರದಷ್ಟು,
ನಡುವೆ ಮೀನು ಹೆಬ್ಬೆಟ್ಟಿನಷ್ಟು.
ಅಕ್ಕನ ಮಗ ಟಿಮೊತೆ ಕೇಳಿದ,
"ಇದು ರುಚಿ ನೋಡೋಕಾ? ಊಟ ಆಮೇಲಾ?"
ಮಾಣಿ ತುಟಿ ಬಿಗಿಹಿಡಿದು ಗೋಡೆ ನೋಡಿದ.

ಎಲ್ಲ ಸರಿಯಾಗಿಯೇ ನಡೆದಿತ್ತು.
ಅಕ್ಕ ಬ್ರೆಡ್ಡು ಮುರಿಯುತ್ತ, ತಲೆ ಎತ್ತದೆ,
"ಫಾಬ್ರಿಸ್, ಗಂಟೆ ಎಷ್ಟು?" ಅಂದಳು.

ಅಷ್ಟೇ.

ಅಣ್ಣನ ಕೈ ಸರ್ರನೆ ಮೇಜಿನ ಕೆಳಗೆ ಹೋಯಿತು,
ಹೋಗುವಾಗ ಬೊಜೊಲೆಯ ಗ್ಲಾಸನ್ನೂ ಕರೆದುಕೊಂಡು.
ಬಿಳಿಯ ಮೇಲೆ ಕೆಂಪು, ಓಡಿದ್ದೇ ಓಡಿದ್ದು.
ಎಲ್ಲರೂ ಒಟ್ಟಿಗೆ ಬಾಯಿ ತೆರೆದರು,
ಮಾಣಿ ಉಪ್ಪಿನ ಬಟ್ಟಲು ಹಿಡಿದು ಬಂದ.

"ಉಜ್ಜಬೇಡ!"
ಆ ದನಿ ಕೇಳಿ ಎಷ್ಟು ವರ್ಷವಾಗಿತ್ತು.
"ಉಪ್ಪು ಬೇಡ. ಕುದಿಯೋ ನೀರು ತಾ. ತಟ್ಟೆ ಎತ್ತಿ ಎಲ್ಲ."
ಅಮ್ಮ ಎದ್ದು ನಿಂತು ಮೇಜುಬಟ್ಟೆಯ ಅಂಚೆತ್ತಿ
ಸೂಪಿನ ಬೋಗುಣಿಯ ಮೇಲೆ ಬಿಗಿದು ಹಿಡಿದಳು.
"ಮೇಲಿಂದ ಸುರಿ, ಇನ್ನೂ ಮೇಲಿಂದ. ಹೆದರಬೇಡ ಮಗಾ."
ಪಕ್ಕದ ಮೇಜುಗಳಲ್ಲಿ ಫೋರ್ಕುಗಳು ನಿಂತವು.
ಹಬೆ ಏರಿತು. ಅಮ್ಮನ ಕನ್ನಡಕ ಮಬ್ಬಾಯಿತು.
ಹಾಗಿದ್ದೂ ಬೆರಳು ಅಂಚಿನಲ್ಲಿ ಏನೋ ತಡವಿ ನಿಂತಿತು,
ಉಗುರಿನಷ್ಟು ರಫು.
"ಸಿಗರೇಟಿನ ತೂತು," ಅಂದಳು,
"ನಿಮ್ಮಪ್ಪನ ಆಪರೇಷನ್ನಿನ ರಾತ್ರಿ ಕೂತು ಹೊಲಿದದ್ದು.
ಇನ್ನೂ ಹಿಡಿದಿದೆ ನೋಡು."

ಹಿಂಡಲು ಇಬ್ಬರು ಬೇಕು.
ಅಕ್ಕ ಒಂದು ತುದಿ, ಅಣ್ಣ ಒಂದು ತುದಿ,
ಅವಳು ಆ ಕಡೆ ತಿರುವಿದರೆ ಇವನು ಈ ಕಡೆ,
ಚಿಕ್ಕವರಿದ್ದಾಗ ಸಂಬಳವಿಲ್ಲದೆ ಮಾಡಿದ ಕೆಲಸ.
ತೋಳು ಮೇಲೆ ಸರಿದು ಗಡಿಯಾರ ಹೊರಬಿತ್ತು.
ಅಕ್ಕ ನೋಡಿದಳು, ತುಸು ಹೊತ್ತು.
"ಇನ್ನೂ ಹತ್ತು ನಿಮಿಷ ಹಿಂದೆ ಓಡುತ್ತಾ?"
"ಹೂಂ."

ಕಲೆ ಮುಕ್ಕಾಲು ಹೋಯಿತು.
ಹೊಸ ಮೇಜುಬಟ್ಟೆ ಹಾಸಿದರು, ಚೀಸು ಬಂತು,
ಅಮ್ಮ ಎರಡು ಸಲ ಹಾಕಿಸಿಕೊಂಡಳು.
ಬಿಲ್ಲನ್ನು ಅಣ್ಣ ಕೈ ಅಡ್ಡ ಹಿಡಿದು ಓದಿದ.
"ಎಷ್ಟಾಯಿತು?"
"ಜಾಸ್ತಿಯೇನಿಲ್ಲಮ್ಮ."
ಅಮ್ಮನ ತುಟಿ ಮಾತ್ರ ಅಲುಗುತ್ತಿತ್ತು, ಎಷ್ಟು ನ್ಯಾಪ್ಕಿನ್ನೋ.

ಹೊರಗೆ ನವೆಂಬರಿನ ಮಂಜು. ಕೋಟು ವಾಪಸು ಬಂತು.
ದೀಪದ ಕೆಳಗೆ ನಿಂತು
ಗುಂಡಿ ಎಣಿಸಿಕೊಂಡಳು.